ಸಹಾಯ ಬೇಕು: ಮೆಮ್‌ಕ್ಯಾಶ್‌ಡಿಯಲ್ಲಿ ಜಾಗವಿದ್ದರೂ ಪುಟಗಳು ಉಳಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ಒಣದ್ರಾಕ್ಷಿ, ಈರುಳ್ಳಿ, ತೊಗರಿಯ ದಿನದ ದರ ತೋರಿಸುವ ಸಣ್ಣ ಜಾಲತಾಣವೊಂದನ್ನು ನಾನೊಬ್ಬನೇ ನಡೆಸುತ್ತಿದ್ದೇನೆ. ತಿಕೋಟಾ ಕಡೆಯ ರೈತರು ಮಾಲು ಹೇರುವ ಮೊದಲು ಇದನ್ನೇ ನೋಡುತ್ತಾರೆ. ಬೆಳಿಗ್ಗೆ ಪುಟ ತೆರೆಯದಿದ್ದರೆ ನನಗೆ ಸಮಾಧಾನವಿರುವುದಿಲ್ಲ.

ಡೇಟಾಬೇಸ್‌ನ ಹೊರೆ ಇಳಿಸಲು, ಪದೇ ಪದೇ ಬೇಕಾಗುವ ಮಾಹಿತಿಯನ್ನು ತಾತ್ಕಾಲಿಕವಾಗಿ ಮೆಮೊರಿಯಲ್ಲಿ ಇಡುವ ಮೆಮ್‌ಕ್ಯಾಶ್‌ಡಿ ತಂತ್ರಾಂಶದ ಹಳೆಯ 1.4 ಆವೃತ್ತಿ ಬಳಸುತ್ತಿದ್ದೇನೆ. ಮೆಮೊರಿ ಅದರ ಮೂಲ ಮಿತಿಯಾದ 64 ಎಂಬಿ. ಮೊದಲು ಒಂದೊಂದು ದರವನ್ನೂ ನೂರಿನ್ನೂರು ಬೈಟ್‌ಗಳ ತುಣುಕಾಗಿ ಇಡುತ್ತಿದ್ದೆ. ಕಳೆದ ತಿಂಗಳಿನಿಂದ ಇಡೀ ಪುಟವನ್ನು ಸುಮಾರು 40 ಕೆಬಿಯ ಒಂದೇ ಗಂಟಾಗಿ ಇಡುತ್ತಿದ್ದೇನೆ. ತೊಂದರೆ ಶುರುವಾಗಿದ್ದು ಅಲ್ಲಿಂದಲೇ. ಒಂದು ಗಂಟೆಯ ಅವಧಿ ಕೊಟ್ಟರೂ ಪುಟಗಳು ಎರಡು ಮೂರು ನಿಮಿಷಗಳಲ್ಲಿ ಮಾಯವಾಗುತ್ತಿವೆ.

ನಾನು ಓದಿ ಅರ್ಥ ಮಾಡಿಕೊಂಡದ್ದು ಇಷ್ಟು: ಮೆಮ್‌ಕ್ಯಾಶ್‌ಡಿ ಮೆಮೊರಿಯನ್ನು 1 ಎಂಬಿಯ ಹಾಳೆಗಳಾಗಿ ಪಡೆದು, ಪ್ರತಿ ಹಾಳೆಯನ್ನೂ ಒಂದೇ ಅಳತೆಯ ಖಾನೆಗಳಾಗಿ ಕತ್ತರಿಸುತ್ತದೆ. ಸಣ್ಣ ಖಾನೆಗಳಿಗೆ ಹೋದ ಹಾಳೆ ತಾನಾಗಿಯೇ ದೊಡ್ಡವಕ್ಕೆ ಮರಳುವುದಿಲ್ಲ. ಸಾಸಿವೆ ಡಬ್ಬಿಗಳು ಎಷ್ಟು ಖಾಲಿಯಿದ್ದರೇನು, ರೊಟ್ಟಿ ಇಡಲಾದೀತೇ? ಬಹಳ ಹೊತ್ತು ಬಳಸದ್ದನ್ನು ಹೊರಹಾಕುವ ಎಲ್‌ಆರ್‌ಯು ಸಾಲು ಕೂಡ ಅಳತೆಗೊಂದು. ಸ್ಲ್ಯಾಬ್ (ಒಂದೇ ಅಳತೆಯ ಖಾನೆಗಳ ಗುಂಪು) ಅಂಕಿಅಂಶಗಳೂ ಇದನ್ನೇ ಹೇಳುತ್ತಿವೆ.

ಹಾಳೆಗಳನ್ನು ಒಂದು ಅಳತೆಯಿಂದ ಇನ್ನೊಂದಕ್ಕೆ ಸರಿಸಲು ಬಿಡುವ ಸ್ಲ್ಯಾಬ್ ರೀಅಸೈನ್, ಅದನ್ನು ತಾನಾಗಿಯೇ ಮಾಡುವ ಆಟೊಮೂವ್ ಆಯ್ಕೆಗಳನ್ನು ಹಾಕಿ ಮರುಚಾಲನೆ ಮಾಡಿದರೆ ಸಾಕೇ? ಅಥವಾ ಆಟೊಮೂವ್ ಮೊದಲೇ ಚಾಲೂ ಇರುವ 1.5ಕ್ಕೆ ಹೋಗಲೇ? ಇಂಥದ್ದೇ ಇನ್ನೊಂದು ತಂತ್ರಾಂಶವಾದ ರೆಡಿಸ್ ಹಾಕು ಎಂದು ಗೆಳೆಯರೊಬ್ಬರು ಹೇಳಿದರು. ಆದರೆ ಅಲ್ಲಿ ಮ್ಯಾಕ್ಸ್‌ಮೆಮೊರಿ (ಗರಿಷ್ಠ ಮೆಮೊರಿ) ಮಿತಿ, ಹೊರಹಾಕುವ ನೀತಿ ಎರಡನ್ನೂ ನಾವೇ ಗೊತ್ತುಪಡಿಸಬೇಕು. ಮೆಮ್‌ಕ್ಯಾಶ್‌ಡಿ ಮರುಚಾಲನೆಯಾದರೆ ಅದರಲ್ಲಿಟ್ಟದ್ದೆಲ್ಲವೂ ಅಳಿಸಿಹೋಗುತ್ತದೆ, ಆದ್ದರಿಂದ ರಾತ್ರಿಯೇ ಮಾಡಬೇಕು. ಅನುಭವವಿದ್ದವರು ದಯವಿಟ್ಟು ತಿಳಿಸಿ. ಅಂಕಿಅಂಶಗಳನ್ನು ಕೇಳಿದರೆ ಇಲ್ಲಿಯೇ ಹಾಕುತ್ತೇನೆ.