ಸಹಾಯ ಬೇಕು: ಮಗನಿಗಾಗಿ ಟ್ರಸ್ಟ್, ಟ್ರಸ್ಟಿ ಯಾರನ್ನು ಮಾಡುವುದು?

ಎಲ್ಲರಿಗೂ ನಮಸ್ಕಾರ. ನಮ್ಮ ಕಿರಿಯ ಮಗನಿಗೆ 24 ವರ್ಷ, ಬೌದ್ಧಿಕ ಅಂಗವೈಕಲ್ಯ ಇದೆ. ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಾನೆ. ಆದರೆ ಹಣದ ಲೆಕ್ಕ ತಿಳಿಯದು, ಯಾರು ಕೇಳಿದರೂ ಕೊಟ್ಟುಬಿಡುತ್ತಾನೆ. ನಾವಿಬ್ಬರೂ ಹೋದ ಮೇಲೆ ಇವನ ಗತಿ ಏನು ಎಂಬ ಚಿಂತೆಯಲ್ಲಿ ನಿದ್ದೆ ಹತ್ತುವುದಿಲ್ಲ.

ಉಯಿಲು ಬರೆದಿಟ್ಟಿದ್ದೇವೆ. ಆದರೆ ಅದರಲ್ಲಿರುವಂತೆ ಎಲ್ಲವೂ ನೇರ ಅವನ ಹೆಸರಿಗೇ ಹೋಗುತ್ತದೆ, ಅದೇ ಭಯ. ಹಾಗಾಗಿ ಮನೆ, ಉಳಿತಾಯ ಎರಡನ್ನೂ ಟ್ರಸ್ಟ್‌ಗೆ ವರ್ಗಾಯಿಸಿ, ಅವನಿಗೆ ಯಾವಾಗ, ಎಷ್ಟು ಖರ್ಚು ಮಾಡಬೇಕೆಂಬುದನ್ನು ಟ್ರಸ್ಟಿಯ (ಆ ಆಸ್ತಿಯನ್ನು ಅವನಿಗಾಗಿ ನೋಡಿಕೊಳ್ಳುವವರ) ವಿವೇಚನೆಗೆ ಬಿಡೋಣ ಎಂದುಕೊಂಡಿದ್ದೇವೆ.

ಕಗ್ಗಂಟಾಗಿರುವುದು ಟ್ರಸ್ಟಿ ಯಾರು ಎಂಬಲ್ಲಿ. ಮಗಳಿಗೆ ತಮ್ಮನೆಂದರೆ ಪ್ರಾಣ. ಆದರೆ ಅವನ ಕಾಲಾನಂತರ ಉಳಿದದ್ದು ಅವಳಿಗೇ ಸೇರಬೇಕೆಂಬುದು ನಮ್ಮ ಇಚ್ಛೆ. ಅಂದರೆ ತಮ್ಮನಿಗೆ ಖರ್ಚು ಮಾಡಿದಷ್ಟೂ ಅವಳ ಪಾಲು ಕಡಿಮೆ! ಅವಳ ಮೇಲೆ ಅನುಮಾನವಿಲ್ಲ, ಆದರೆ ನಾಳೆ ಯಾರೂ ಅವಳತ್ತ ಬೆರಳು ತೋರಿಸಬಾರದು.

ಮನೆಯವರ ಜೊತೆ ಹೊರಗಿನ ವೃತ್ತಿಪರರೊಬ್ಬರನ್ನೂ ಟ್ರಸ್ಟಿಯಾಗಿ ಸೇರಿಸಿಕೊಂಡವರು ಇಲ್ಲಿ ಇದ್ದೀರಾ? ಇಬ್ಬರ ಅಭಿಪ್ರಾಯ ಹೊಂದದಿದ್ದರೆ ಯಾರ ಮಾತು ನಡೆಯಬೇಕೆಂದು ಟ್ರಸ್ಟ್ ಪತ್ರದಲ್ಲಿ ಹೇಗೆ ಬರೆಸಿದಿರಿ? ಒಬ್ಬರು ತೀರಿಕೊಂಡರೆ ಮುಂದಿನವರನ್ನು ನೇಮಿಸುವ ಅಧಿಕಾರ ಯಾರಿಗೆ ಕೊಟ್ಟಿರಿ? ವಕೀಲರನ್ನು ಕಾಣುವ ಮೊದಲು ನಿಮ್ಮ ಅನುಭವ ತಿಳಿದರೆ ದೊಡ್ಡ ಉಪಕಾರ.