ದುಬೈಗೆ ಹೋಗೋಕೆ ಎರಡೂವರೆ ಗಂಟೆ, ಬರೋಕೆ ಐದೂಕಾಲು ಗಂಟೆ. ಯಾಕೆ ಹೀಗೆ?

ಪ್ರಶ್ನೆ (ಹಾಸನ): ನಮಸ್ಕಾರ. ತಮ್ಮನಿಗೆ ಬೆಂಗಳೂರು–ದುಬೈ ಟಿಕೆಟ್ ಮಾಡಿಸಬೇಕು. ಬೆಳಿಗ್ಗೆ 10:00ಕ್ಕೆ ಹೊರಟು 12:30ಕ್ಕೆ ತಲುಪುತ್ತೆ ಅಂತ ತೋರಿಸ್ತಿದೆ. ವಾಪಸ್ ಮಧ್ಯಾಹ್ನ 2:00ಕ್ಕೆ ಹೊರಟು ರಾತ್ರಿ 7:15ಕ್ಕೆ. ಇದು ಹೇಗೆ ಸಾಧ್ಯ? ದೂರ ಎಷ್ಟು, ಹಾಸನದಿಂದ ಎಷ್ಟೊತ್ತಿಗೆ ಬಿಡಬೇಕು?

ಉತ್ತರ (ಟ್ರಾವೆಲ್ ಏಜೆಂಟ್): ಟಿಕೆಟ್‌ನಲ್ಲಿ ಹೊರಡೋದು, ತಲುಪೋದು ಎರಡೂ ಆಯಾ ಊರಿನ ಗಡಿಯಾರದ ಪ್ರಕಾರ ಇರುತ್ತೆ ಸರ್. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ವರ್ಷಪೂರ್ತಿ ಅಷ್ಟೇ. ಹೋಗುವಾಗ ಎರಡೂವರೆಗೆ ಒಂದೂವರೆ ಸೇರಿಸಿ: 4 ಗಂಟೆ. ಬರುವಾಗ ಐದೂಕಾಲರಿಂದ ಒಂದೂವರೆ ಕಳೆಯಿರಿ: 3 ಗಂಟೆ 45 ನಿಮಿಷ. ನೇರ ದೂರ ಸುಮಾರು 2,700 ಕಿ.ಮೀ.

ಹಾಸನದಿಂದ ದೇವನಹಳ್ಳಿ ಏರ್‌ಪೋರ್ಟ್‌ಗೆ ಹತ್ತಿರ ಹತ್ತಿರ 200 ಕಿ.ಮೀ. ಚನ್ನರಾಯಪಟ್ಟಣ, ಕುಣಿಗಲ್ ಮೇಲೆ ನೆಲಮಂಗಲಕ್ಕೆ ಬಂದು, ಅಲ್ಲಿಂದ ದೊಡ್ಡಬಳ್ಳಾಪುರ ರಸ್ತೆ ಹಿಡಿಯಿರಿ. ಹಗಲಲ್ಲಿ ಹೆಬ್ಬಾಳದ ಕಡೆ ಹೋಗಲೇಬೇಡಿ. ನಾಲ್ಕು ಗಂಟೆ ದಾರಿಗೆ, ಅರ್ಧ ಗಂಟೆ ಟೀ-ಟಯರ್ ಅಂತ ಕೈಯಲ್ಲಿರಲಿ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ಟರ್ಮಿನಲ್ 2ರಲ್ಲಿರಬೇಕು. ಅಂದರೆ 10:00ರ ವಿಮಾನಕ್ಕೆ ರಾತ್ರಿ 2:30ಕ್ಕೇ ಮನೆ ಬಿಡಬೇಕು. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ಚುತ್ತೆ. ವಿಮಾನ ಕಣ್ಣೆದುರಿಗೇ ನಿಂತಿದ್ದರೂ ಆಮೇಲೆ ಬಿಡಲ್ಲ.

ಪ್ರಶ್ನೆ: ಅರ್ಥ ಆಯ್ತು ಸರ್. ಆದರೂ ಬರುವಾಗ 15 ನಿಮಿಷ ಕಡಿಮೆ ಯಾಕೆ? ದಾರಿ ಅದೇ ಅಲ್ವಾ?

ಉತ್ತರ (ಫ್ಲೈಟ್ ಡಿಸ್ಪ್ಯಾಚರ್, ಅಂದರೆ ವಿಮಾನದ ದಾರಿ-ಇಂಧನದ ಯೋಜನೆ ಮಾಡುವವರು): ಗಾಳಿ. ಹತ್ತು-ಹನ್ನೊಂದು ಕಿ.ಮೀ. ಎತ್ತರದಲ್ಲಿ ಈ ದಾರಿಯ ಬಹುಭಾಗದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿಯೇ ಹೆಚ್ಚು. ವಿಮಾನದ ವೇಗ ಗಂಟೆಗೆ 840 ಕಿ.ಮೀ. ಅಂದುಕೊಳ್ಳಿ. ಎದುರುಗಾಳಿ 30 ಇದ್ದರೆ ನೆಲದ ಮೇಲಿನ ಲೆಕ್ಕದಲ್ಲಿ 810, ಹಿಂಗಾಳಿ ಆದರೆ 870. ಅದೇ 2,700 ಕಿ.ಮೀ.ಗೆ ಒಂದು ಸಲ 3 ಗಂಟೆ 20 ನಿಮಿಷ, ಇನ್ನೊಂದು ಸಲ 3 ಗಂಟೆ 6 ನಿಮಿಷ. ಚಳಿಗಾಲದಲ್ಲಿ ಜೆಟ್ ಸ್ಟ್ರೀಮ್ (ಎತ್ತರದಲ್ಲಿ ಪಶ್ಚಿಮದಿಂದ ಜೋರಾಗಿ ಬೀಸುವ ಗಾಳಿಯ ಪಟ್ಟಿ) ಬಲವಾದಾಗ ಈ ಅಂತರ ಅರ್ಧ ಗಂಟೆಯವರೆಗೂ ಹೋಗಬಹುದು. ಮುಂಗಾರಿನಲ್ಲಿ ದಕ್ಷಿಣ ಭಾರತದ ಮೇಲೆ ಎತ್ತರದ ಗಾಳಿ ಪೂರ್ವದಿಂದ ಬೀಸುವುದರಿಂದ ಅಂತರ ಕುಗ್ಗುತ್ತೆ.

ಇನ್ನೊಂದು ವಿಷಯ. ಟಿಕೆಟ್‌ನ ಅವಧಿ ಬರೀ ಹಾರಾಟದ್ದಲ್ಲ. ಗೇಟ್‌ನಿಂದ ಹೊರಟಿದ್ದರಿಂದ ಹಿಡಿದು ಅಲ್ಲಿನ ಗೇಟ್‌ನಲ್ಲಿ ನಿಲ್ಲುವವರೆಗಿನದು. ರನ್‌ವೇ ಸರದಿ, ಇಳಿಯುವ ಮುಂಚೆ ಆಕಾಶದಲ್ಲಿ ಸುತ್ತಾಟ, ಎಲ್ಲ ಅದರಲ್ಲೇ. ಹಾಗಾಗಿ ನೇರ ದೂರವನ್ನು ವೇಗದಿಂದ ಭಾಗಿಸಿದರೆ ಬರುವ ಉತ್ತರಕ್ಕೆ ಅರ್ಧ ಗಂಟೆಯಾದರೂ ಸೇರಿಸಿ.

ಪ್ರಶ್ನೆ (ಚಿಕ್ಕಮಗಳೂರು): ನಮ್ಮ ಕಡೆಯವರಿಗೆ ಮಂಗಳೂರು ಹತ್ತಿರ ಅಲ್ವಾ ಸರ್?

ಉತ್ತರ (ಟ್ರಾವೆಲ್ ಏಜೆಂಟ್): ಹೌದು. ಮಂಗಳೂರು–ದುಬೈ ಸುಮಾರು 2,460 ಕಿ.ಮೀ., ಹಾರಾಟದಲ್ಲಿ ಕಾಲು ಗಂಟೆ ಉಳಿಯುತ್ತೆ ಅಷ್ಟೇ. ನಿಜವಾದ ಲಾಭ ರಸ್ತೆಯದು: ನಿಮಗೆ ಬೆಂಗಳೂರು ಏರ್‌ಪೋರ್ಟ್ 250 ಕಿ.ಮೀ. ಆಸುಪಾಸು, ಬಜ್ಪೆ (ಮಂಗಳೂರು ಏರ್‌ಪೋರ್ಟ್) ಅದಕ್ಕಿಂತ ತುಂಬಾ ಹತ್ತಿರ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾರ್ಮಾಡಿ, ಶಿರಾಡಿ ಘಾಟಿ ಎರಡನ್ನೂ ನಂಬಿ ಟೈಮ್ ಲೆಕ್ಕ ಹಾಕಬೇಡಿ. ಗುಡ್ಡ ಕುಸಿದು ರಸ್ತೆ ಬಂದ್ ಆದರೆ ಟಿಕೆಟ್ ಹೋಯ್ತು ಅಂತಲೇ. ಮಳೆಗಾಲದಲ್ಲಿ ಹಿಂದಿನ ದಿನವೇ ಘಾಟಿ ಇಳಿದು ಮಂಗಳೂರಲ್ಲಿ ಉಳಿಯಿರಿ, ಇಲ್ಲವೇ ಬೆಂಗಳೂರಿಂದಲೇ ಮಾಡಿಸಿ.

ದಿನಾಂಕದ ಬಗ್ಗೆ ಇಬ್ಬರಿಗೂ ಒಂದು ಮಾತು. ಗಲ್ಫ್ ವಿಮಾನಗಳಲ್ಲಿ ನಡುರಾತ್ರಿಯವು ಬಹಳ. 15ನೇ ತಾರೀಖು 00:40 ಅಂತಿದ್ದರೆ 14ರ ಮಧ್ಯಾಹ್ನವೇ ಊರು ಬಿಟ್ಟು, 14ರ ರಾತ್ರಿ 9:40ಕ್ಕೆ ಏರ್‌ಪೋರ್ಟ್‌ನಲ್ಲಿರಬೇಕು. 15ರ ರಾತ್ರಿ ಹೋದರೆ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತೆ.