‘ಘಾಚರ್ ಘೋಚರ್’ ಓದಿದ ಮೇಲೆ ಆ ನಿರೂಪಕನ ಮೇಲಿನ ಸಿಟ್ಟು ಇಳಿಯುತ್ತಲೇ ಇಲ್ಲ, ನಿಮಗೂ ಹೀಗಾಯ್ತಾ?

ಕಲಬುರಗಿ ಓದುಗಿ

ಈ ಬಿಸಿಲಲ್ಲಿ ಮಧ್ಯಾಹ್ನ ಹೊರಗೆ ಕಾಲಿಡೋಕಾಗಲ್ಲ, ಹಾಗಾಗಿ ಓದೇ ಓದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮುಗಿಸಿದ ಬೆನ್ನಿಗೇ ವಿವೇಕ ಶಾನಭಾಗ ಅವರ ‘ಘಾಚರ್ ಘೋಚರ್’ ಹಿಡಿದೆ. ಮೊದಲನೆಯದಕ್ಕೆ ವಾರಗಟ್ಟಲೆ ಬೇಕಾಯಿತು. ಎರಡನೆಯದು ಕೂತಲ್ಲೇ ಮುಗಿಯಿತು, ಆದರೆ ಕಾಡುತ್ತಿರುವುದು ಅದೇ. (ಓದದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಕಥೆ ಬಿಟ್ಟುಕೊಡುತ್ತಿದ್ದೇನೆ.)

ಬಡತನದಲ್ಲಿದ್ದಾಗ ಆ ನಿರೂಪಕನ ಮನೆಯವರು ಎಷ್ಟು ಹತ್ತಿರದವರು ಅನ್ನಿಸುತ್ತಾರೆ ಅಲ್ವಾ? ಅಪ್ಪನ ಲೆಕ್ಕ ತಾಳೆಯಾಗದಿದ್ದರೆ ಮನೆಮಂದಿಯೆಲ್ಲ ಕೂತು ಕೂಡಿಸುತ್ತಾರೆ, ಇರುವೆ ಬಂದರೆ ಎಲ್ಲರೂ ಸೇರಿ ಓಡಿಸುತ್ತಾರೆ. ಆಮೇಲೆ ಚಿಕ್ಕಪ್ಪ ಸೋನಾ ಮಸಾಲಾ ಅನ್ನೋ ಕಂಪನಿ ಶುರು ಮಾಡಿ ದುಡ್ಡು ಬರುತ್ತದೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬರುತ್ತಾಳೆ, ಅವನಿಗೆ ಇಷ್ಟದ ಅಡುಗೆ ಮಾಡಿಕೊಂಡು. ಅವಳನ್ನು ಅಮ್ಮ, ಅಕ್ಕ ಬಾಗಿಲಲ್ಲೇ ಬೈದು ಅಟ್ಟುತ್ತಾರೆ. ಅಲ್ಲಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ನಮ್ಮದೂ ಕೂಡು ಕುಟುಂಬ, ಗಂಜ್‌ನಲ್ಲಿ ತೊಗರಿ ಅಡತಿ ಅಂಗಡಿ. ಅಂಗಡಿ ನಡೆಸುವವರಿಗೆ ಮೊದಲ ಬಿಸಿ ರೊಟ್ಟಿ, ಅವರು ಮಲಗಿದರೆ ಟಿವಿ ಸೌಂಡ್ ಕಮ್ಮಿ, ಅವರು ಏನೇ ಮಾಡಿದರೂ ಯಾರೂ ಕೇಳುವಂತಿಲ್ಲ. ಇದನ್ನೆಲ್ಲ ಪ್ರೀತಿ ಅಂದುಕೊಂಡೇ ಬೆಳೆದಿದ್ದೇನೆ. ಹಾಗಾಗಿ ಎಲ್ಲ ನೋಡುತ್ತಾ, ಎಲ್ಲ ಗೊತ್ತಿದ್ದೂ ಬಾಯಿ ಬಿಡದ ಆ ನಿರೂಪಕನನ್ನು ನನಗೆ ಕ್ಷಮಿಸೋಕಾಗುತ್ತಿಲ್ಲ. ಇಡೀ ಪುಸ್ತಕದಲ್ಲಿ ಸರಿಯಾದ ಪ್ರಶ್ನೆ ಕೇಳುವವಳು ಅವನ ಹೆಂಡತಿ ಅನಿತಾ ಒಬ್ಬಳೇ. ಕಥೆ ಹೇಳುವವನನ್ನೇ ಸಹಿಸೋಕಾಗದಿದ್ದರೂ ಕಾದಂಬರಿ ಇಷ್ಟ ಆಯಿತು ಅನ್ನಬಹುದಾ?

ಬೀದರ್ ಕಡೆಯವ

ಅನ್ನಬಹುದು ಅಕ್ಕಾ, ನನಗಂತೂ ಅದಕ್ಕೇ ಇಷ್ಟ ಆಯಿತು. ಅವನು ಹೆಸರಿಗೆ ಕಂಪನಿ ಡೈರೆಕ್ಟರ್, ಕೆಲಸವೇನೂ ಇಲ್ಲ, ಸಂಬಳ ಮಾತ್ರ ಬರುತ್ತದೆ. ಅಂಥವನು ಚಿಕ್ಕಪ್ಪನ ಎದುರು ಯಾವ ಬಾಯಲ್ಲಿ ಮಾತಾಡುತ್ತಾನೆ? ನನಗೆ ಅವನು ಕೆಟ್ಟವನಿಗಿಂತ ಜಾಸ್ತಿ ಹೆದರಿದವನು ಅನ್ನಿಸಿತು. ಅಪ್ಪ ಆಸ್ತಿಯನ್ನು ಯಾರಿಗೋ ಬರೆದುಕೊಟ್ಟರೆ ಏನು ಗತಿ ಅಂತ ಮನೆಯವರು ಕಂಗಾಲಾಗುವುದು ನೋಡಿ, ದುಡ್ಡು ಬಂದಮೇಲೆ ಅವರ ಭಯ ಇನ್ನೂ ಜಾಸ್ತಿಯಾಗಿದೆ. ಕೊನೆಗೆ ಕಾಫಿ ಹೌಸಿನಲ್ಲಿ ವೇಟರ್ ವಿನ್ಸೆಂಟ್ ಹೇಳುವ ಮಾತು ಓದಿದಾಗ ನನ್ನ ಮೈ ಜುಂ ಅಂದಿತು. ಏನು ನಡೆದಿದೆ ಅಂತ ಬಿಡಿಸಿ ಹೇಳಿದ್ದರೆ ಅದು ಪತ್ತೇದಾರಿ ಕಥೆಯಾಗುತ್ತಿತ್ತು ಅಷ್ಟೇ.

ಯಾದಗಿರಿ ಮೇಷ್ಟ್ರು

ತಂಗಿ, ನೀವು ‘ಮದುಮಗಳು’ ಬಗ್ಗೆ ಒಂದೇ ಸಾಲು ಬರೆದು ಬಿಟ್ಟಿರಲ್ಲ, ನನಗೆ ಬೇಜಾರಾಯಿತು! 1967ರಲ್ಲಿ ಬಂದ ಪುಸ್ತಕ, ನಾನು ಈಗಲೂ ಮಳೆಗಾಲ ಬಂದರೆ ತೆಗೆಯುತ್ತೇನೆ. ನಮ್ಮ ಈ ಬಯಲುಸೀಮೆಯಲ್ಲಿ ಕೂತು ಆ ಮಳೆ, ಜಿಗಣೆ, ಕಾಡಿನ ಕತ್ತಲು ಓದುವ ಸುಖವೇ ಬೇರೆ. ನಿಮ್ಮ ಪ್ರಶ್ನೆಗೆ ಉತ್ತರ ಕೂಡ ಅಲ್ಲೇ ಇದೆ ಅಂತ ನನ್ನ ಅನಿಸಿಕೆ. ಅದರ ನಾಯಕಿ ಚಿನ್ನಮ್ಮನ ಬಾಯಿಂದ ದೊಡ್ಡ ಮಾತೇನೂ ಬರುವುದಿಲ್ಲ, ಆದರೆ ಬೇಡದ ಮದುವೆ ತಪ್ಪಿಸಿಕೊಳ್ಳೋಕೆ ರಾತ್ರಿ ಮನೆ ಬಿಟ್ಟು ಕಾಡಿಗೆ ನಡೆಯುತ್ತಾಳೆ, ಜೊತೆಗೆ ನಿಲ್ಲುವವರು ಐತ, ಪೀಂಚಲು. ಆಳುಮಕ್ಕಳು! ಕುವೆಂಪು ಎಲ್ಲರಿಗೂ ಜಾಗ ಕೊಡುತ್ತಾರೆ, ಆಳು ಗುತ್ತಿಯ ನಾಯಿ ಹುಲಿಯನಿಗೂ. ಹುಲಿಯ ಹೊಳೆಯ ಪಾಲಾದಾಗ ನಾನು ಅತ್ತಿದ್ದೇನೆ. ಶಾನಭಾಗರ ಪುಸ್ತಕದಲ್ಲಿ ಒಬ್ಬನ ಕಣ್ಣು ಬಿಟ್ಟರೆ ನಮಗೆ ಬೇರೆ ಕಿಟಕಿಯೇ ಇಲ್ಲ, ಅನಿತಾ ಮನಸ್ಸಿನೊಳಗೆ ಏನಿತ್ತು ಗೊತ್ತಾಗುವುದೇ ಇಲ್ಲ. ನನಗೆ ಅದು ಕೊರತೆಯೇ.

ಶಹಾಪುರದಿಂದ

ಸರ್, ಅದು ಕೊರತೆ ಹೇಗಾಗುತ್ತದೆ? ಅವಳ ಮನಸ್ಸಿನಲ್ಲಿ ಏನಿದೆ ಅಂತ ಅವನು ಕೇಳಲೇ ಇಲ್ಲ, ಹಾಗಾಗಿ ನಮಗೂ ಗೊತ್ತಿಲ್ಲ.

ಅಕ್ಕಾ, ಗೀತಾ ನಾಗಭೂಷಣ ಅವರ ‘ಬದುಕು’ ಓದಿದ್ದೀರಾ? 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು, ನಿಮ್ಮ ಕಲಬುರಗಿಯವರೇ. ನಮ್ಮ ಕಡೆಯ ಬಡವರ ಓಣಿ, ನಮ್ಮ ಕಡೆಯ ಮಾತು, ಬೈಗುಳ ಸಮೇತ. ಅಲ್ಲಿನ ಹೆಂಗಸರು ಕಷ್ಟ ಬಂದರೆ ಓಣಿಗೆಲ್ಲ ಕೇಳುವ ಹಾಗೆ ಅಳುತ್ತಾರೆ, ಜಗಳಕ್ಕೂ ನಿಲ್ಲುತ್ತಾರೆ. ಬೆಂಗಳೂರಿನ ಆ ಉಸಿರುಗಟ್ಟುವ ಮನೆಯಿಂದ ಎದ್ದು ಇದನ್ನು ಹಿಡಿಯಿರಿ.

ಕಲಬುರಗಿ ಓದುಗಿ

ಮೇಷ್ಟ್ರೇ, ಚಿನ್ನಮ್ಮ ಕಾಡು ದಾಟುವ ಭಾಗ ನನಗೂ ತುಂಬ ಹಿಡಿಸಿತು, ಅದರ ಬಗ್ಗೆ ಬೇರೆಯಾಗಿ ಬರೆಯುತ್ತೇನೆ. ಬೀದರ್ ತಮ್ಮಾ, ಅವನಿಗೆ ಭಯ ಅನ್ನೋದನ್ನು ಒಪ್ಪುತ್ತೇನೆ. ಆದರೆ ಅನಿತಾ ಹೈದರಾಬಾದಿನಿಂದ ಮದುವೆಯಾಗಿ ಬಂದವಳು, ಆ ಮನೆಯಲ್ಲಿ ಅವಳ ಪರ ಒಬ್ಬರೂ ಇಲ್ಲ, ಆದರೂ ಬಾಯಿಬಿಟ್ಟು ಕೇಳಿದಳು. ಅದಕ್ಕೇ ನನ್ನ ಸಿಟ್ಟು ಹಾಗೇ ಇದೆ.

‘ಬದುಕು’ ಇಲ್ಲಿ ಕೇಳಿದ ಅಂಗಡಿಯಲ್ಲಿ ಸಿಗಲಿಲ್ಲ. ಶಹಾಪುರದವರೇ, ನಿಮ್ಮ ಹತ್ತಿರ ಇದ್ದರೆ ಕಳಿಸುತ್ತೀರಾ? ಓದಿ ವಾಪಸ್ ಕೊಡುತ್ತೇನೆ.